ನೇರಳೆ ಮರಕ್ಕೆ ಕಸಿ

ಚಿನ್ನಿ, ಪಾಪು,

ಇದು ನಿಮ್ಮಿಬ್ಬರಿಗೆ ಅಂತಲೇ ಬರೆಯುತ್ತಿದ್ದೇನೆ. ನಿಮ್ಮ ಅಮ್ಮನಿಗೆ ಸಿಕ್ಕಿದರೆ ಅವಳು ಮೊದಲು ಕೆಂಪು ಪೆನ್ನು ಹುಡುಕುತ್ತಾಳೆ. ಮಗಳು ಟೀಚರ್ ಆದರೆ ಇದೊಂದು ಕಷ್ಟ. ನಾನು ಓದಿದ್ದು ಸಂಪಾಜೆ ಹತ್ತಿರದ ಊರ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಹೆಂಚಿನ ಮೇಲೆ ಮಳೆ ಶುರುವಾದರೆ ಮೇಷ್ಟ್ರು ಹೇಳಿದ್ದು ಅರ್ಧ ಕೇಳುತ್ತಿರಲಿಲ್ಲ, ಆದ್ದರಿಂದ ನನ್ನ ಕಾಗುಣಿತವೂ ಅರ್ಧವೇ.

ಮೊನ್ನೆ ಚಿನ್ನಿ ಕೇಳಿದಳಲ್ಲ, "ಅಜ್ಜಿ, ನಮ್ಮ ಬೀದಿಯವರೆಲ್ಲ ನಿನ್ನನ್ನ ಕಸಿ ಅಜ್ಜಿ ಅಂತ ಯಾಕೆ ಕರೆಯೋದು?" ಅಂತ. ಆಗ ಬಾಯಿಗೆ ಉತ್ತರ ಬರಲಿಲ್ಲ. ನನಗೆ ಯಾವಾಗಲೂ ಹಾಗೆಯೇ. ಉತ್ತರ ಬರುವ ಹೊತ್ತಿಗೆ ಕೇಳಿದವರು ಊಟ ಮುಗಿಸಿ ಮಲಗಿರುತ್ತಾರೆ. ಅದೆಲ್ಲ ಶುರುವಾದಾಗ ಚಿನ್ನಿಗೆ ಮುಂದಿನ ಎರಡು ಹಲ್ಲು ಇರಲಿಲ್ಲ, ಪಾಪು ಇನ್ನೂ ತೊಟ್ಟಿಲಲ್ಲಿದ್ದ. ನಿಮಗೆ ಸರಿಯಾಗಿ ನೆನಪಿರಲಿಕ್ಕಿಲ್ಲ, ಬರೆದೇ ಹೇಳುತ್ತೇನೆ.

ಮೊದಲು ಮರಗಳ ವಿಷಯ. ಊರಿನಲ್ಲಿ ಇದ್ದಾಗ ನಾನು ಯಾವ ಮರವನ್ನೂ ಸುಮ್ಮನೆ ನೋಡಿದವಳಲ್ಲ. ನಮ್ಮಲ್ಲಿ ಮರ ಅಂದರೆ ಅದಕ್ಕೊಂದು ಕೆಲಸ ಇರಬೇಕು. ಕಾಫಿಗೆ ನೆರಳು ಕೊಡಬೇಕು, ಇಲ್ಲವೇ ಮೆಣಸಿನ ಬಳ್ಳಿ ಹೊರಬೇಕು, ಅದೂ ಆಗದಿದ್ದರೆ ಸೌದೆ ಆಗಬೇಕು. ಕೆಲಸವಿಲ್ಲದೆ ನಿಂತ ಆಳನ್ನು ನೋಡುವ ಹಾಗೆಯೇ ನಿಮ್ಮ ಅಜ್ಜ ಕೆಲಸವಿಲ್ಲದೆ ನಿಂತ ಮರವನ್ನೂ ನೋಡುತ್ತಿದ್ದರು. ಅವರು ಹೋದ ಮೇಲೆ ತೋಟವನ್ನು ನಿಮ್ಮ ಮಾವ ನೋಡಿಕೊಂಡ, ನಿಮ್ಮ ಅಮ್ಮ ನನ್ನನ್ನು ಮಡಿಕೇರಿಗೆ ಕರೆತಂದಳು. ಪೇಟೆಯಲ್ಲಿ ನನಗೂ ಮರಕ್ಕೂ ಇನ್ನು ಸಂಬಂಧ ಇಲ್ಲ ಅಂದುಕೊಂಡೇ ಬಸ್ಸು ಹತ್ತಿದೆ.

ಇಲ್ಲಿ ನನ್ನ ಕೋಣೆಯ ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅದಕ್ಕೆ ಹಸಿರು ಬಣ್ಣ ಬಳಿದಿದ್ದರು, ನನ್ನ ಪಾಲಿನ ಹಸಿರು ಅಷ್ಟೇ. ಬೆಳಿಗ್ಗೆ ಎಲ್ಲರೂ ಹೊರಟ ಮೇಲೆ ಪಾಪುವನ್ನು ಮಲಗಿಸಿ ಟಿ.ವಿ. ಮುಂದೆ ಕೂರುತ್ತಿದ್ದೆ. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಹಾಲಿಗೆ ವಿಷ ಹಾಕಿದ್ದಳು. ಎಷ್ಟು ವಾರ ಕಾದರೂ ಸೊಸೆ ಆ ಹಾಲು ಕುಡಿಯಲೂ ಇಲ್ಲ, ಚೆಲ್ಲಲೂ ಇಲ್ಲ. ಯಾರಾದರೂ ಬಾಗಿಲು ತಟ್ಟಿದರೆ ನಾನು ಟಿ.ವಿ. ಸದ್ದು ಇಳಿಸಿ, ಉಸಿರು ಹಿಡಿದು, ಅವರು ಹೋಗುವವರೆಗೆ ಕೂತಿರುತ್ತಿದ್ದೆ. ಹೊಸಬರ ಹತ್ತಿರ ಎಂತ ಮಾತಾಡುವುದು ಅಂತ ನನಗೆ ತಿಳಿಯುತ್ತಿರಲಿಲ್ಲ.

ಕೂತು ಕೂತು ಬಿ.ಪಿ. ಏರಿತು. ಡಾಕ್ಟರು ಮಾತ್ರೆ ಬರೆದು, "ದಿನಾ ನಡೀರಿ ಅಮ್ಮ" ಅಂದರು. ಹೇಳುವುದು ಸುಲಭ. ನಮ್ಮ ಮನೆಯಿಂದ ಹೊರಗೆ ಕಾಲಿಟ್ಟರೆ ಒಂದೋ ಏರಬೇಕು, ಇಲ್ಲ ಇಳಿಯಬೇಕು. ಮಡಿಕೇರಿಯಲ್ಲಿ ನಡೆಯುವುದು ಅಂತ ಬೇರೆ ಇಲ್ಲ. ಆದರೂ ಸಂಜೆ ನಿಮ್ಮ ಅಮ್ಮ ಶಾಲೆಯಿಂದ ಬಂದ ಮೇಲೆ, ಯಾರೂ ನೋಡದ ಹೊತ್ತು ನೋಡಿ, ದೊಡ್ಡ ರಸ್ತೆಯ ಕಡೆಗೆ ಏರತೊಡಗಿದೆ.

ಆ ಏರಿನ ಅರ್ಧದಲ್ಲಿ, ತಿರುವಿನಲ್ಲಿ, ನಮ್ಮ ನೇರಳೆ ಮರ. ಅದರ ಸುತ್ತ ಕಲ್ಲಿನ ಕಟ್ಟೆ. ಅಲ್ಲಿಗೆ ಬರುವಾಗ ಎಲ್ಲರಿಗೂ ಉಸಿರು ಮುಗಿದಿರುತ್ತದೆ, ಆದರೆ ಒಪ್ಪಿಕೊಳ್ಳಲು ಯಾರಿಗೂ ಮನಸ್ಸಿಲ್ಲ. ಆದ್ದರಿಂದ ಸೊಂಟಕ್ಕೆ ಕೈ ಕೊಟ್ಟು, ತಲೆ ಎತ್ತಿ ಮರ ನೋಡುತ್ತಾರೆ. "ಈ ಸಲ ಕಾಯಿ ಚೆನ್ನಾಗಿದೆ" ಅನ್ನುತ್ತಾರೆ. ಮೇ ತಿಂಗಳಲ್ಲಿ ಅಂದರೆ ಸರಿ, ಅಕ್ಟೋಬರಿನಲ್ಲೂ ಅನ್ನುತ್ತಾರೆ. ಇನ್ನೊಬ್ಬರೂ ಏದುಸಿರು ಬಿಡುತ್ತ, "ಹೌದು, ಚೆನ್ನಾಗಿದೆ" ಅನ್ನುತ್ತಾರೆ. ಹೀಗೆ ನಮ್ಮ ಬೀದಿಯಲ್ಲಿ ಆ ಮರವನ್ನು ಹೊಗಳದವರು ಯಾರೂ ಇಲ್ಲ.

ನಾನೂ ಒಂದು ದಿನ ಹಾಗೆ ತಲೆ ಎತ್ತಿ ನಿಂತಿದ್ದಾಗ ಕಟ್ಟೆಯ ಮೇಲಿಂದ ಒಂದು ದನಿ ಕೇಳಿತು.

"ನೀವು ಆ ಟೀಚರ್ ಮನೆ ಅಜ್ಜಿ ಅಲ್ವಾ? ಇದ್ದೀರಿ ಅಂತ ಕೇಳಿದ್ದೆ. ನಿಜವಾಗ್ಲೂ ಇದ್ದೀರಲ್ಲ!"

ಅವರು ರಿಟೈರ್ ಆದ ನರ್ಸ್, ಕೊಡವರು, ನನ್ನದೇ ಪ್ರಾಯ. ಬೀದಿಗೆಲ್ಲ ಅವರು ಸಿಸ್ಟರ್. ಮಂಡಿನೋವಿಗೆ ಕೊಡೆಯನ್ನೇ ಊರುಗೋಲು ಮಾಡಿಕೊಂಡಿದ್ದರು.

"ಎಂತ ಕಾಯಿಲೆ?" ಅಂತ ಕೇಳಿದರು.

"ಬಿ.ಪಿ." ಅಂದೆ. ಮಡಿಕೇರಿಯಲ್ಲಿ ಮನೆಯವರನ್ನು ಬಿಟ್ಟು ಬೇರೆಯವರ ಹತ್ತಿರ ನಾನು ಆಡಿದ ಮೊದಲ ಮಾತು ಅದು.

"ಅಷ್ಟೇನಾ? ಕೂತ್ಕೊಳ್ಳಿ. ಇದು ನನ್ನ ಓಪಿಡಿ. ಇಲ್ಲಿ ಸಕ್ಕರೆ ಕಾಯಿಲೆಯವರು, ಮೂಲವ್ಯಾಧಿಯವರು, ಗಂಡನಿಂದ ತಲೆನೋವು ಬಂದವರು ಎಲ್ಲ ಬರ್ತಾರೆ. ಬರೀ ಬಿ.ಪಿ.ಗೆ ನಾಚಿಕೆ ಎಂತದು?"

ಕೂತೆ. ಮರುದಿನವೂ ಹೋದೆ. ಬೇಸಿಗೆಯಲ್ಲಿ ಪಾಪುವಿಗೆ ಬೆವರುಸಾಲೆ ಎದ್ದಾಗ ಅವನನ್ನೂ ಎತ್ತಿಕೊಂಡು ಹೋದೆ. ಈಗಿನ ಮಡಿಕೇರಿಯ ಏಪ್ರಿಲ್ ಮೊದಲಿನ ಹಾಗಿಲ್ಲ. ಮೇಲೆ ತಗಡು, ಕೆಳಗೆ ಕಾಂಕ್ರೀಟು, ಮಧ್ಯದಲ್ಲಿ ನಾವು ಕಾವಲಿಯ ಮೇಲಿನ ದೋಸೆ. ಆದರೆ ಆ ಕಟ್ಟೆಯ ಮೇಲೆ ಕೂತರೆ ಸೆರಗು ಹೊದೆಯುವಷ್ಟು ತಂಪು. ಪಾಪು ಅಲ್ಲಿ ಎಲೆ ಅಲ್ಲಾಡುವುದನ್ನು ನೋಡುತ್ತ ಅಳು ಮರೆಯುತ್ತಿದ್ದ. ಮೀನಿನವರು ಸ್ಕೂಟರನ್ನು ಅಲ್ಲೇ ನಿಲ್ಲಿಸುತ್ತಿದ್ದರು, ಐಸು ಬೇಗ ಕರಗುವುದಿಲ್ಲ ಅಂತ. ಶಾಲೆ ಮಕ್ಕಳು ನಾಲಿಗೆ ನೇರಳೆ ಮಾಡಿಕೊಂಡು ಒಬ್ಬರಿಗೊಬ್ಬರು ತೋರಿಸುತ್ತ ಮನೆಗೆ ಹೋಗುವುದನ್ನೇ ಮರೆಯುತ್ತಿದ್ದರು. ಚಿನ್ನಿಯೂ ಒಬ್ಬಳು. ಮಳೆಗಾಲದಲ್ಲಿ ಎಲ್ಲಿ ಗುಡ್ಡದ ಬರೆ ಕುಸಿಯುತ್ತದೋ ಅಂತ ಹೆದರಿಕೊಂಡು ಮಲಗುವ ಊರು ನಮ್ಮದು, ಆದರೆ ಆ ತಿರುವಿನ ಮಣ್ಣು ಒಂದು ಹಿಡಿಯೂ ಜಾರಲಿಲ್ಲ. ಬೇರು ಹೇಗೆ ಹಿಡಿದಿತ್ತು ಅಂದರೆ ಕಟ್ಟೆಯ ಕಲ್ಲುಗಳೇ ಎದ್ದು ಕೂತಿದ್ದವು.

ಮುಂದಿನ ಸಲ ಹೋದಾಗ ಡಾಕ್ಟರು ಬಿ.ಪಿ. ನೋಡಿ, "ಮಾತ್ರೆ ಚೆನ್ನಾಗಿ ಹಿಡೀತು" ಅಂದರು. ಮಾತ್ರೆಯೋ, ಏರೋ, ಸಿಸ್ಟರ ಬಾಯಿಯೋ, ಮರವೋ ಅಂತ ನನಗೆ ಸಂಶಯ ಇತ್ತು. ಡಾಕ್ಟರ ಹತ್ತಿರ ಅದನ್ನೆಲ್ಲ ಹೇಳುವಷ್ಟು ಧೈರ್ಯ ಇನ್ನೂ ಬಂದಿರಲಿಲ್ಲ.

ಇಷ್ಟರಲ್ಲಿ ಒಂದು ಸಂಜೆ ಹೋಗಿ ನೋಡಿದರೆ ಮರದ ಮೈಮೇಲೆ ಕೆಂಪು ಬಣ್ಣದ ಗುರುತು. ಕಡಿಯುವ ಮರಕ್ಕೆ ಹಾಕುವ ಗುರುತು ಅದು.

ದೂರು ಕೊಟ್ಟವರು ಮರದ ಕೆಳಗಿನ ಹೋಂಸ್ಟೇಯವರು. ಕೆಟ್ಟವರೇನಲ್ಲ, ಹಲಸಿನ ಚಿಪ್ಸ್ ಕರಿದರೆ ನಮ್ಮ ಮನೆಗೂ ಕಳಿಸುವವರು. ಆದರೆ ಅವರ ಗಿರಾಕಿಗಳು ಕಾರು ನಿಲ್ಲಿಸುವ ಜಾಗದ ಮೇಲೆಯೇ ಮರದ ಒಂದು ಪಾಲು ಬಾಗಿತ್ತು. ಮೇ ತಿಂಗಳಲ್ಲಿ ಬಿಳಿ ಕಾರುಗಳೆಲ್ಲ ಬೆಳಿಗ್ಗೆ ಏಳುವಾಗ ಶಾಯಿ ಸಿಡಿಸಿದ ಹಾಗೆ ನೇರಳೆ ಚುಕ್ಕೆ.

"ನಾನೆಂತ ಮಾಡಲಿ ಅಕ್ಕ?" ಅಂತ ಅವರು ಸಂಕಟದಲ್ಲಿ ಹೇಳಿದರು. "ಹಸಿರು ನೋಡ್ಲಿಕ್ಕೆ ಬರ್ತಾರೆ. ಇದೇ ಮರದ ಕೆಳಗೆ ನಿಂತು ಸೆಲ್ಫಿ ತೆಗೀತಾರೆ. ಆಮೇಲೆ ಬಂದು ಕಾರು ತೊಳೆಸಿಕೊಡಿ ಅಂತಾರೆ. ಫೋನಲ್ಲಿ ಒಂದೇ ಸ್ಟಾರ್ ಕೊಟ್ಟು ಹೋಗ್ತಾರೆ."

ಆ ರಾತ್ರಿ ಮಲಗಿ ಲೆಕ್ಕ ಹಾಕಿದೆ. ಮರ ಹೋದರೆ ಆ ಏರು ನನ್ನಿಂದ ಒಂದೇ ಉಸಿರಿಗೆ ಆಗುವುದಲ್ಲ, ಸಿಸ್ಟರ ಮಂಡಿಯಿಂದಲೂ ಆಗುವುದಲ್ಲ. ಅವರು ಅವರ ಮನೆಯಲ್ಲಿ, ನಾನು ನಮ್ಮ ಮನೆಯಲ್ಲಿ. ಮತ್ತೆ ಆ ಹಸಿರು ಗೋಡೆ, ಮತ್ತೆ ಆ ವಿಷದ ಹಾಲು.

ಸಿಸ್ಟರ್ ಸುಮ್ಮನಿರುವವರಲ್ಲ. ಹೋಗಿ ಗುರುತು ಹಾಕಿಸಿದ ಅರಣ್ಯ ಇಲಾಖೆಯ ಆಫೀಸಿನವರನ್ನು ಕರೆದೇ ತಂದರು. ಬಂದವರು ಎಳೆ ಪ್ರಾಯದ ಅಧಿಕಾರಿ, ಗದಗದ ಕಡೆಯವರು, ಕೊಡಗಿಗೆ ಬಂದು ಸ್ವಲ್ಪವೇ ದಿನ ಆಗಿತ್ತು. ಸಿಸ್ಟರ್ ನನ್ನನ್ನು ಕೊಡೆಯ ತುದಿಯಿಂದ ಮುಂದಕ್ಕೆ ತಳ್ಳಿದರು. "ಇವರು ತೋಟದವರು ಸಾರ್, ಮರದ ವಿಷಯ ಇವರಿಗೇ ಗೊತ್ತು."

"ಹೇಳ್ರಿ ಅಮ್ಮಾರ" ಅಂದರು ಅಧಿಕಾರಿ.

ನಾನು ನೆಲ ನೋಡಿಕೊಂಡು ಹೇಳಿದೆ: "ಕಡಿಯೋದು ಬೇಡ ಸಾರ್. ಕಸಿ ಮಾಡಿಸಿದರೆ ಸಾಕು."

"ಕಸಿ? ಇಷ್ಟ್ ದೊಡ್ಡ ಮರಕ್ಕ?"

"ಹೌದು. ನಮ್ಮ ತೋಟಗಳಲ್ಲೆಲ್ಲ ವರ್ಷ ವರ್ಷ ಮಾಡಿಸ್ತಾರೆ."

"ವರ್ಷಾ ವರ್ಷಾ!" ಅವರ ಕಣ್ಣು ದೊಡ್ಡದಾಯಿತು. "ಮತ್ತ ಕಸಿ ಮಾಡಿದ್ರ ಕಾರಿಗೆ ಕಲೆ ಆಗೂದಿಲ್ಲೇನ್ರಿ?"

"ಆಗಲ್ಲ ಸಾರ್. ಕಾರು ನಿಲ್ಲೋ ಕಡೆಯದು ಮಾಡಿಸಿದರೆ ಆಯ್ತು. ಆಚೆ ಕಡೆಯದು ಹಾಗೇ ಇರಲಿ."

"ಒಂದ ಮರದಾಗ ಎರಡು ಥರಾ!" ಅಂತ ತಮ್ಮಷ್ಟಕ್ಕೆ ಹೇಳಿಕೊಂಡು, ಖುಷಿಯಾಗಿ, ಕಡಿಯುವುದನ್ನು ನಿಲ್ಲಿಸಿ ಹೋದರು. ಎರಡು ಥರ ಅಂದರೆ ಎಂತದು ಅಂತ ನನಗೆ ಅರ್ಥ ಆಗಲಿಲ್ಲ. ದೊಡ್ಡ ಓದು ಓದಿದವರು, ಏನೋ ಇರಬೇಕು ಅಂತ ಸುಮ್ಮನಾದೆ.

ಚಿನ್ನಿ, ನೀನು ಪೇಟೆಯಲ್ಲಿ ಬೆಳೆದವಳು, ನಿನಗೂ ಇದು ಗೊತ್ತಿರಲಿಕ್ಕಿಲ್ಲ. ನಮ್ಮ ಕಾಫಿ ತೋಟಗಳಲ್ಲಿ ಮರಗಸಿ, ಕಸಿ ಅಂದರೆ ಮಳೆಗೆ ಮೊದಲು ನೆರಳಿನ ಮರ ಹತ್ತಿ ಕೊಂಬೆ ಸವರುವುದು, ಗಿಡಕ್ಕೆ ಬೆಳಕು ಬೀಳಲಿ ಅಂತ. ಅಧಿಕಾರಿಯ ಸೀಮೆಯಲ್ಲಿ, ಪುಸ್ತಕದಲ್ಲೂ, ಕಸಿ ಅಂದರೆ ಒಂದು ಗಿಡದ ಕಡ್ಡಿಯನ್ನು ಇನ್ನೊಂದಕ್ಕೆ ಕೂಡಿಸುವುದು. ಕಸಿ ಮಾವಿನ ಸಸಿಯನ್ನು ನಾನೂ ನರ್ಸರಿಯಲ್ಲಿ ನೋಡಿದ್ದೆ. ಆದರೆ ಮರ, ಕಸಿ ಎರಡೂ ಒಟ್ಟಿಗೆ ಬಂದರೆ ನಮ್ಮ ಕಿವಿಗೆ ಕೇಳುವುದು ಕತ್ತಿಯ ಸದ್ದು ಮಾತ್ರ. ನಾನು ಕೊಂಬೆ ಕಡಿಯಲು ಹೇಳಿದೆ, ಅವರು ಕೊಂಬೆ ಕೂಡಿಸಲು ಒಪ್ಪಿದರು.

ಕಸಿಯ ದಿನ ಬಂತು. ಅಪಾಯ ಬೇಡ ಅಂತ ಲೈನಿನ ಕರೆಂಟು ತೆಗೆಸಿದ್ದರು. ಕರೆಂಟಿಲ್ಲದೆ ಟಿ.ವಿ. ನಿಂತಿತು, ಟಿ.ವಿ. ನಿಂತದ್ದಕ್ಕೆ ಇಡೀ ಬೀದಿ ಮರದ ಬುಡಕ್ಕೆ ಬಂದು ಸೇರಿತು. ಹೋಂಸ್ಟೇಯವರು ಕಕ್ಕಬೆ ಕಡೆಯ ಅವರ ಅಣ್ಣನ ತೋಟದಿಂದ ಕಸಿಯವನನ್ನು ಕರೆಸಿದ್ದರು. ಹೆಗಲ ಮೇಲೆ ಹಗ್ಗ, ಸೊಂಟದಲ್ಲಿ ಕತ್ತಿ. ಅಷ್ಟರಲ್ಲಿ ಅಧಿಕಾರಿಯ ಜೀಪು ಬಂತು. ಅದರಿಂದ ಕನ್ನಡಕದ ಒಬ್ಬರು ಇಳಿದರು. ಕೈಯಲ್ಲಿ ಒಂದು ಪುಟ್ಟ ಚೂರಿ, ಪ್ಲಾಸ್ಟಿಕ್ ಟೇಪು, ಒದ್ದೆ ಗೋಣಿಯಲ್ಲಿ ಸುತ್ತಿದ ನಾಲ್ಕಾರು ಕಡ್ಡಿ.

"ನೀವು ಯಾರು?" ಅಂದ ತೋಟದವನು.

"ಕಸಿ ಮಾಡ್ಲಿಕ್ಕೆ ಬಂದವ್ನು."

"ಕಸಿಗೆ ಬಂದವನು ನಾನು!" ಅಂತ ಇವನು ಆ ಚೂರಿಯನ್ನು ನೋಡಿದ. "ಇದರಲ್ಲಾ? ಇದರಲ್ಲಿ ಮರ ಹತ್ತಿ ಎಂತ ಮಾಡ್ತೀರಿ, ಪೆನ್ಸಿಲ್ ಕೆತ್ತೋದಾ?"

"ನಿಮ್ಮ ಕತ್ತಿಯಲ್ಲಿ ಕಸಿ ಮಾಡಿದ್ರೆ ಗಿಡ ಉಳಿದ ಹಾಗೇ!" ಅಂದರು ಕನ್ನಡಕದವರು. ಆಮೇಲೆ ತಲೆ ಎತ್ತಿ ಮರದ ತುದಿಯವರೆಗೆ ನೋಡಿದರು. ನೋಡುತ್ತಾ ನೋಡುತ್ತಾ ಕನ್ನಡಕ ಹಿಂದಕ್ಕೆ ಬಿತ್ತು. "ಸಾರ್, ಕಸಿ ಅಂದ್ರಿ, ನಾನು ಸಸಿಗೆ ಅಂದ್ಕೊಂಡೆ. ಇದು ಸಸಿಯಾ?"

ಅಧಿಕಾರಿ ನನ್ನ ಕಡೆ ತಿರುಗಿದರು. "ಅಮ್ಮಾರ, ನೀವು ಏನ್ ಹೇಳಿದ್ರಿ?"

ಇಡೀ ಬೀದಿ ನನ್ನ ಕಡೆ ತಿರುಗಿತು. ಸಿಸ್ಟರ ಕೊಡೆಯ ಹಿಂದೆ ಹೋಗೋಣ ಅಂದರೆ ಅವರು ಕೊಡೆ ಮಡಚಿ ನಗುತ್ತ ನಿಂತಿದ್ದರು. ಕೊನೆಗೆ ಕಸಿ ಅಂದರೆ ನಮ್ಮಲ್ಲಿ ಎಂತದು ಅಂತ ನಾನೇ ತಡವರಿಸಿ ತಡವರಿಸಿ ಹೇಳಿದೆ. ಆಮೇಲೆ ಎದ್ದ ನಗುವಿಗೆ ಮರದ ಮೇಲಿದ್ದ ಕುಟ್ರು ಹಕ್ಕಿಗಳೆಲ್ಲ ಹಾರಿಹೋದವು.

ಅಧಿಕಾರಿ ಮಾತ್ರ ನಗಲಿಲ್ಲ. "ಬೀಜ ಇಲ್ಲದ, ಕಲೆ ಆಗದ ಹಣ್ಣು ಬರ್ತೈತಿ ಅಂತ ಮ್ಯಾಲಿನವರಿಗೆ ಹೇಳಿ ಬಂದೇನ್ರಿ. ಈಗ ಏನಂತ ಹೇಳ್ಲಿ?"

"ಕಸಿ ಆಯ್ತು ಅಂತ ಹೇಳಿ" ಅಂದರು ಸಿಸ್ಟರ್. "ಅದ್ರಲ್ಲಿ ಸುಳ್ಳು ಎಂತ ಉಂಟು?"

ಹೋಂಸ್ಟೇಯವರು ತಲೆ ಕೆರೆದರು. "ಕೊಂಬೆ ಸವರಿದ್ರೆ ಮತ್ತೆ ಚಿಗುರ್ತದೆ ಸಾರ್. ಮರವೇ ತೆಗೆದ್ರೆ ಒಂದೇ ಸಲ ಮುಗೀತದೆ."

ಅಧಿಕಾರಿ ಮರಕ್ಕೆ ಒಂದು ಸುತ್ತು ಹಾಕಿ ಬಂದರು. ಕೊನೆಗೆ, "ಆತು, ಕೊಂಬಿ ತೆಗೀರಿ. ಆದರ ಮುಂದಿನ ಹಣ್ಣಿನ ಕಾಲಕ್ಕ ಇವರಿಂದ ಒಂದು ಕಂಪ್ಲೇಂಟ್ ಬಂದ್ರೂ ನಾ ಮರ ತೆಗೆಸ್ತೀನಿ. ಆಮ್ಯಾಲೆ ನನ್ನ ಬೈಯಬಾರದು" ಅಂದರು.

ತೋಟದವನು ಏಣಿ ಇಟ್ಟು ಕೇಳಿದ, "ಕೆಳಗೆ ನಿಲ್ಲೋದು ಯಾರು?"

ಇದೂ ನಮ್ಮ ತೋಟದ ಪದ್ಧತಿ. ಮರದ ಮೇಲೆ ಇರುವವನಿಗೆ ಕೊಂಬೆ ಕಾಣುತ್ತದೆ, ನೆರಳು ಎಲ್ಲಿ ಬೀಳುತ್ತದೆ ಅಂತ ಕಾಣುವುದಿಲ್ಲ. ಆದ್ದರಿಂದ ಕೆಳಗೆ ಒಬ್ಬರು ನಿಂತು ಯಾವುದು ಬೇಕು, ಯಾವುದು ಬೇಡ ಅಂತ ಕೂಗಿ ಹೇಳಬೇಕು. ಯಾರೂ ನಿಲ್ಲದಿದ್ದರೆ ಕಸಿಯವನು ಮರ ಹತ್ತುವುದೇ ಇಲ್ಲ. ಊರಿನಲ್ಲಿ ನಿಮ್ಮ ಅಜ್ಜನಿಗೆ ಕತ್ತು ಎತ್ತಿದರೆ ಹಿಡಿದುಕೊಳ್ಳುತ್ತಿತ್ತು, ಆ ಕೆಲಸ ನನ್ನದೇ ಆಗಿತ್ತು. ಆದರೆ ಅಲ್ಲಿ ಕೇಳುವವರು ಕಾಫಿ ಗಿಡಗಳು. ಇಲ್ಲಿ ಇಡೀ ಬೀದಿ.

"ನಾನು" ಅಂದೆ. ಯಾರಿಗೂ ಕೇಳಲಿಲ್ಲ. ಶಾಲೆಯಲ್ಲಿ ಎತ್ತಿದ ಹಾಗೆ ಕೈ ಎತ್ತಿದೆ.

ಅವನು ಮೇಲೆ ಮೇಲೆ ಹೋದ. ಮೊದಲು ಮೆಲ್ಲಗೆ ಹೇಳಿದೆ, "ಅದು, ಆ ದಪ್ಪದ್ದು..." "ಕೇಳಲ್ಲ ಅಮ್ಮಾ!" ಅಂದ. ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. "ಊಟ ಮಾಡಿಲ್ವಾ?" ಅಂದ. ಆಮೇಲೆ ನನಗೇ ಗೊತ್ತಿಲ್ಲದೆ ಗಂಟಲು ಬಿಚ್ಚಿತು. "ಅದಲ್ಲ ಮಾರಾಯಾ! ಅದರ ಮೇಲಿನದು! ನೇರಳೆ ಕೊಂಬೆ ಲಟಕ್ಕನೆ ಮುರೀತದೆ, ಕಾಲು ಬುಡಕ್ಕೆ ಇಡು!" ಮನೆಯ ಬಾಗಿಲಲ್ಲಿ ನಿಂತಿದ್ದ ನಿಮ್ಮ ಅಮ್ಮ ಯಾರ ದನಿ ಅಂತ ಓಡಿ ಬಂದಳು.

ಹೋಂಸ್ಟೇಯವರು, "ಅದನ್ನೂ ತೆಗೆಸಿ ಅಕ್ಕ" ಅನ್ನುವುದು, ಸಿಸ್ಟರ್, "ಅದನ್ನ ಮುಟ್ಟಿದರೆ ನೋಡು" ಅನ್ನುವುದು, ಇಬ್ಬರನ್ನೂ ಸುಮ್ಮನಿರಿಸಿ ನಾನು ಕೂಗುವುದು. ಕಾರು ನಿಲ್ಲುವ ಕಡೆಗೆ ಬಾಗಿದ ದೊಡ್ಡ ಕೊಂಬೆಯೇ ಸಂಜೆಯ ಬಿಸಿಲನ್ನು ನಮ್ಮ ಕಟ್ಟೆಗೆ ಬೀಳದ ಹಾಗೆ ತಡೆಯುತ್ತಿದ್ದದ್ದು. ಅದನ್ನು ತೆಗೆಸಲು ಹೇಳುವಾಗ ಮಾತ್ರ ನನ್ನ ದನಿ ಸ್ವಲ್ಪ ಇಳಿಯಿತು. ಹೇಳದೆ ಇರುವ ಹಾಗಿರಲಿಲ್ಲ.

ಒಂದು ತಪ್ಪೂ ಆಯಿತು. ತೋಟದಲ್ಲಿ ನಾವು ಎಡ, ಬಲ ಅನ್ನುವುದಿಲ್ಲ. ಹೊಳೆ ಕಡೆ, ಕಣದ ಕಡೆ ಅನ್ನುತ್ತೇವೆ. ಜನ ಸೇರಿದ ಗಡಿಬಿಡಿಯಲ್ಲಿ ನಾನು, "ಎಡಗಡೆದು ತೆಗಿ!" ಅಂದುಬಿಟ್ಟೆ. ಅವನು ನನಗೆ ಎದುರಾಗಿ ನಿಂತಿದ್ದ. ಅವನ ಎಡವೇ ಬೇರೆ, ನನ್ನ ಎಡವೇ ಬೇರೆ. ಬೀಳಬಾರದ ಕೊಂಬೆ ದೊಪ್ಪನೆ ಬಿತ್ತು. ನಾನು ಬಾಯಿ ಮುಚ್ಚಿಕೊಂಡೆ. ಆದರೆ ಆ ಸಂದಿನಲ್ಲಿ ಆಚೆಯ ಬೆಟ್ಟಸಾಲು ಒಮ್ಮೆಲೇ ಕಂಡಿತು. ಹೋಂಸ್ಟೇಯವರು ಓಡಿ ಅವರ ಮಹಡಿ ಹತ್ತಿ ನೋಡಿ ಬಂದು, ಏನೂ ಆಗದವರ ಹಾಗೆ, "ಆ ಎಡಗಡೆದು ಬಿದ್ದದ್ದು ಪರವಾಗಿಲ್ಲ" ಅಂದರು.

ಕನ್ನಡಕದವರು ತಂದ ಕಡ್ಡಿ ಹಾಳಾಗಬಾರದು ಅಂತ ಚರಂಡಿ ಬದಿಯಲ್ಲಿ ತಾನಾಗಿ ಹುಟ್ಟಿದ್ದ ಒಂದು ನೇರಳೆ ಸಸಿಗೆ ಕೂಡಿಸಿ, ಟೇಪು ಸುತ್ತಿ, ಚೆನ್ನಾಗಿ ನೋಡಿಕೊಳ್ಳಿ ಅಂತ ಹೇಳಿ ಹೋದರು. ಮೂರನೇ ದಿನ ಬೀದಿ ಹಸು ಅದನ್ನು ಟೇಪು ಸಮೇತ ತಿಂದಿತು. ಕಸಿಯ ದಿನದಿಂದ ನನಗೆ ಕಸಿ ಅಜ್ಜಿ ಅನ್ನುವ ಹೆಸರಾಯಿತು. ಮೀನಿನವರು ಮೊದಲು ಕರೆದರು, ಆಮೇಲೆ ಎಲ್ಲರೂ.

ಕಟ್ಟೆಯ ಮೇಲೆ ಸಂಜೆ ಬಿಸಿಲು ಬೀಳತೊಡಗಿದ್ದರಿಂದ ನಾವು ಬೆಳಗಿನ ಹೊತ್ತಿಗೆ ಬದಲಾದೆವು. ನಿಮ್ಮನ್ನೆಲ್ಲ ಕಾಫಿಗೆ ಎಬ್ಬಿಸುವ ಮೊದಲೇ ಹೋಗಿ ಬರುವುದು. ಒಂದು ವರ್ಷ ಹಾಗೆ ಕಳೆಯಿತು. ಮೇ ಬಂತು, ಹಣ್ಣು ಕಪ್ಪಾಯಿತು, ನಾನು ದಿನಾ ಹೋಂಸ್ಟೇಯ ಕಾರುಗಳನ್ನು ಇಣುಕಿ ನೋಡತೊಡಗಿದೆ. ಮರದಿಂದ ನೇರ ಕಾರಿನ ಮೇಲೆ ಹಣ್ಣು ಬೀಳುತ್ತಿರಲಿಲ್ಲ ನಿಜ. ಆದರೆ ಹಕ್ಕಿಗಳಿಗೆ, ಬಾವಲಿಗಳಿಗೆ ಯಾವ ಕಸಿ ಮಾಡಿಸುವುದು? ಅವು ತಿಂದು ಹೋಗಿ ಬೇಕಾದಲ್ಲಿ ಉದುರಿಸುತ್ತಿದ್ದವು. ಮೊದಲ ದಿನವೇ ಒಂದು ಬಿಳಿ ಕಾರಿನ ಬಾನೆಟ್ಟಿನ ಮೇಲೆ ಕಾಸಗಲದ ಕಲೆ.

ನಾನು ಸಿಸ್ಟರ ಮುಖ ನೋಡಿದೆ. ಸಿಸ್ಟರ್ ನನ್ನ ಮುಖ ನೋಡಿದರು. "ಒರೆಸು" ಅಂದರು. "ನಾನು ನೋಡ್ಕೊಳ್ತೇನೆ."

ನೋಡಿ, ಹೀಗೆ ನಿಮ್ಮ ಅಜ್ಜಿ ಗುರುತಿಲ್ಲದವರ ಕಾರು ಒರೆಸುವ ಕೆಲಸಕ್ಕೆ ಸೇರಿದಳು. ಗಿರಾಕಿಗಳು ಏಳುವ ಮೊದಲು ಹೋಗಬೇಕು. ಅದೃಷ್ಟಕ್ಕೆ ಅಂಗಳದ ನಲ್ಲಿಯ ಹತ್ತಿರ ದಿನವೂ ಒಂದು ಬಕೆಟ್ ನೀರು, ಅದರ ಬಾಯಿಗೆ ಒಂದು ಹಳೆ ಬಟ್ಟೆ ಇರುತ್ತಿತ್ತು. ಸಿಸ್ಟರ್ ಗೇಟಿನ ಹತ್ತಿರ ಕಾವಲು. ಯಾರಾದರೂ ಬಂದರೆ ಕೆಮ್ಮಬೇಕು ಅಂತ ಮಾತಾಗಿತ್ತು. ಆದರೆ ಅವರಿಗೆ ಬೆಳಗಿನ ಚಳಿಗೆ ಸುಮ್ಮಸುಮ್ಮನೆ ಕೆಮ್ಮು ಬರುತ್ತಿತ್ತು. ಅವರು ಕೆಮ್ಮಿದಾಗಲೆಲ್ಲ ನಾನು ಕಾರಿನ ಹಿಂದೆ ಕುಕ್ಕುರುಗಾಲಲ್ಲಿ ಕೂರುವುದು, ಏಳುವುದು. ಡಾಕ್ಟರು ಹೇಳಿದ ವ್ಯಾಯಾಮ ಎಲ್ಲ ಅಲ್ಲೇ ಆಗುತ್ತಿತ್ತು.

ಒಂದು ಬೆಳಿಗ್ಗೆ ಅವರು ಕೆಮ್ಮಿದರು. ದಿನಾ ಇದೇ ಅಂತ ನಾನು ಕೂರಲಿಲ್ಲ, ಒರೆಸುತ್ತಲೇ ಇದ್ದೆ.

"ಅಕ್ಕ" ಅಂತ ಹಿಂದಿನಿಂದ ಗಂಡು ದನಿ ಕೇಳಿತು.

ಹೋಂಸ್ಟೇಯವರು ಹಲ್ಲುಜ್ಜುವ ಬ್ರಷ್ಷು ಹಿಡಿದು ನಿಂತಿದ್ದರು. ಕೈಯಲ್ಲಿದ್ದ ಬಟ್ಟೆಯನ್ನು ಎಲ್ಲಿ ಅಡಗಿಸುವುದು ಅಂತ ತಿಳಿಯದೆ ಸೆರಗಿನೊಳಗೆ ಇಟ್ಟುಕೊಂಡೆ. ಸೀರೆ ಎಲ್ಲ ನೀರಾಯಿತು. "ಕಂಪ್ಲೇಂಟ್ ಕೊಡಬೇಡಿ" ಅಂದೆ. ಅಷ್ಟೇ ಬಂದದ್ದು.

ಅವರು ಬಾಯಿಯ ನೊರೆ ಉಗುಳಿ ಬಂದು, "ಯಾರ ಮೇಲೆ ಕೊಡ್ಲಿ? ಮಹಡಿ ಮೇಲಿನ ಕೋಣೆ ಕೇಳುವವರೆಲ್ಲ, ಮರದ ಸಂದಿನಲ್ಲಿ ಬೆಟ್ಟ ಕಾಣೋದಾ ಅಂತ ವಿಚಾರಿಸಿಯೇ ಬರೋದು" ಅಂದರು. ಆಮೇಲೆ ಬಕೆಟ್ಟಿನ ಕಡೆ ಕೈ ತೋರಿಸಿದರು. "ಅಲ್ಲ ಅಕ್ಕ, ದಿನಾ ಇದಕ್ಕೆ ನೀರು ತುಂಬಿಸಿ, ಬಟ್ಟೆ ಹಿಂಡಿ ಇಡೋದು ಯಾರು ಅಂದ್ಕೊಂಡ್ರಿ?"

ಗೇಟಿನ ಹತ್ತಿರ ಸಿಸ್ಟರ್ ನಕ್ಕು ನಕ್ಕು, ಈ ಸಲ ನಿಜವಾಗಿಯೇ ಕೆಮ್ಮತೊಡಗಿದರು.

"ಆ ಕೆಂಪು ಕಾರಿನ ಹಿಂದಿನ ಗಾಜಿಗೂ ಆಗಿದೆ, ಅದನ್ನೂ ಸ್ವಲ್ಪ ನೋಡಿ" ಅಂತ ಹೇಳಿ ಹೋಂಸ್ಟೇಯವರು ಒಳಗೆ ಹೋದರು. ನಾನು ಸೆರಗಿನಿಂದ ಬಟ್ಟೆ ತೆಗೆದು ಹಿಂಡಿ, ಆ ಗಾಜನ್ನೂ ಒರೆಸಿದೆ.

ಚಿನ್ನಿ, ಪಾಪು, ನಮ್ಮೂರ ಮಳೆಗೆ ಕಾಗದ ಉಳಿಯುವುದು ಕಷ್ಟ. ಆಗಸ್ಟಿನಲ್ಲಿ ತೆಗೆದು ನೋಡಿದರೆ ಬೂಷ್ಟು ಹಿಡಿದು ಬೆಕ್ಕಿನ ಮೈಯ ಹಾಗಾಗಿರುತ್ತದೆ. ಈ ಹಾಳೆಗಳನ್ನು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ನಾಲ್ಕು ಲವಂಗ ಹಾಕಿ ಇಡಿ, ಬಿಸಿಲು ಬಂದ ದಿನ ಒಮ್ಮೆ ಹೊರಗೆ ತೆಗೆದು ಹರಡಿ. ನಿಮ್ಮ ಅಮ್ಮ ತಪ್ಪು ತಿದ್ದಿದರೆ ತಿದ್ದಲಿ, ಎಸೆಯಲು ಮಾತ್ರ ಬಿಡಬೇಡಿ.